ಹಳೆಯ ರೆಪೊಸಿಟರಿಗೆ ಲೈಸೆನ್ಸ್ ಹೆಡರ್ ಕೂರಿಸಿದ್ದು: ಕೆಲಸದ ದಾಖಲೆ

ಲೈಸೆನ್ಸ್ ಹೆಡರ್ ಎಂದರೆ ಫೈಲ್ ಯಾರದು, ಯಾವ ಷರತ್ತಿಗೆ ಬಳಸಬಹುದು ಎಂದು ಅದರ ತಲೆಯಲ್ಲೇ ಹೇಳುವ ಸಾಲುಗಳು.

ಕೆಲಸ: ನುಡಿ, ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿರುವ ಕನ್ನಡ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸುವ ಒಂದು ಓಪನ್ ಸೋರ್ಸ್ ಪರಿವರ್ತಕ. ಒಳಗೆ ಸಿ, ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎಲ್ಲವೂ ಇವೆ. ಬೇರೆಯವರ ಲೈಬ್ರರಿಗಳು ಮತ್ತು ಎರಡು ಫಾಂಟ್‌ಗಳೂ ಸೇರಿಕೊಂಡಿವೆ. ರೆಪೊಸಿಟರಿಯ (ಕೋಡ್ ಇಟ್ಟಿರುವ ಭಂಡಾರ) ಬುಡದಲ್ಲಿ ಎಂಐಟಿ ಲೈಸೆನ್ಸಿನ ಒಂದು ಫೈಲ್ ಇತ್ತು. ಪರಿಚಯದ ಫೈಲಾದ ರೀಡ್‌ಮಿಯಲ್ಲಿ ಮಾತ್ರ ‘ಜಿಪಿಎಲ್’ ಎಂದು ಬೇರೆಯೇ ಲೈಸೆನ್ಸಿನ ಹೆಸರಿತ್ತು. ಲಿನಕ್ಸ್ ವಿತರಣೆಗೆ ಪ್ಯಾಕೇಜ್ ಮಾಡುವಾಗ ಪರಿಶೀಲಕರು ಮೊದಲು ಕೇಳುವುದೇ ಯಾವ ಫೈಲ್ ಯಾವ ಲೈಸೆನ್ಸಿನಲ್ಲಿದೆ ಎಂದು. ಅದಕ್ಕೆ ಉತ್ತರ ಇರಲಿಲ್ಲ.

ಗುರಿ: ಪ್ರತಿ ಫೈಲ್‌ಗೂ ಒಂದು ಕಾಪಿರೈಟ್ ಸಾಲು, ಒಂದು ಎಸ್‌ಪಿಡಿಎಕ್ಸ್ (ಲೈಸೆನ್ಸ್‌ಗಳನ್ನು ಹೆಸರಿಸುವ ಪ್ರಮಾಣಿತ ಗುರುತುಗಳು) ಲೈಸೆನ್ಸ್ ಸಾಲು; ಇವು ಇವೆಯೇ ಎಂದು ನೋಡುವ ‘ರಿಯೂಸ್ ಲಿಂಟ್’ ಪರೀಕ್ಷೆ ತಪ್ಪಿಲ್ಲದೆ ಮುಗಿಯಬೇಕು.

ಉಪಕರಣ: ಗಿಟ್ (ಕೋಡ್‌ನ ಇತಿಹಾಸ ಇಡುವುದು; ಅದರಲ್ಲಿ ಉಳಿಸಿದ ಒಂದೊಂದು ಬದಲಾವಣೆ ಒಂದು ಕಮಿಟ್), ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ರಿಯೂಸ್ ಟೂಲ್, ಸ್ಕ್ಯಾನ್‌ಕೋಡ್ ಟೂಲ್‌ಕಿಟ್, ಡೆಬಿಯನ್‌ನ ಲೈಸೆನ್ಸ್‌ಚೆಕ್. ಕೊನೆಯ ಎರಡು ಫೈಲ್ ಓದಿ ಲೈಸೆನ್ಸ್ ಗುರುತಿಸುವಂಥವು. ಎಲ್ಲವೂ ಉಚಿತ. ಹಣದ ಖರ್ಚು ಸೊನ್ನೆ. ಸಮಯದ ಬಹುಪಾಲನ್ನು 2ನೇ ಹಂತವೇ ತಿಂದಿತು. ಕೆಳಗಿನ ಆಜ್ಞೆಗಳನ್ನೂ ಟ್ಯಾಗ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಕೊಳ್ಳಿ.

ಹಂತ 1: ಎಣಿಕೆ

ಬೇರೆ ಬ್ರ್ಯಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆಗೆದು, ಬೇಕಾದಾಗ ಮರಳಲೆಂದು ಆಗಿನ ಸ್ಥಿತಿಗೆ ಒಂದು ಗಿಟ್ ಟ್ಯಾಗ್ ಹಾಕಿಟ್ಟುಕೊಂಡದ್ದು ಮೊದಲ ಕೆಲಸ. ಆಮೇಲೆ ‘ಗಿಟ್ ಎಲ್‌ಎಸ್-ಫೈಲ್ಸ್’ ಕೊಟ್ಟ ಪಟ್ಟಿಯನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿದೆವು. ‘ಗಿಟ್ ಗ್ರೆಪ್’ಗೆ ದೊಡ್ಡಕ್ಷರದ ಎಲ್ ಕೊಟ್ಟು ‘ಕಾಪಿರೈಟ್’ ಹುಡುಕಿದರೆ ಆ ಪದ ಇಲ್ಲದ ಫೈಲ್‌ಗಳ ಪಟ್ಟಿ ಸಿಗುತ್ತದೆ. ಸಣ್ಣಕ್ಷರದ ಐ ಸೇರಿಸದಿದ್ದರೆ ಪೂರ್ತಿ ದೊಡ್ಡಕ್ಷರದಲ್ಲಿ ಬರೆದ ಹೆಡರ್‌ಗಳೂ ‘ಇಲ್ಲ’ದ ಪಟ್ಟಿಗೆ ಬೀಳುತ್ತವೆ.

ಈ ಹುಡುಕಾಟವೊಂದನ್ನೇ ನಂಬಿ ಕೂರುವ ಹಾಗಿಲ್ಲ. ‘(ಸಿ) 2009’ ಎಂದಷ್ಟೇ ಬರೆದು ಹೆಸರು ಹಾಕಿದ ಫೈಲ್‌ಗಳು ಇದಕ್ಕೆ ಸಿಗುವುದಿಲ್ಲ. ರಿಯೂಸ್ ಕೂಡ ಆವರಣದ ಸಿ ಒಂದೇ ಇದ್ದರೆ ಅದನ್ನು ಕಾಪಿರೈಟ್ ಸಾಲೆಂದು ಎಣಿಸದು. ಎಸ್‌ಪಿಡಿಎಕ್ಸ್ ಟ್ಯಾಗ್, ‘ಕಾಪಿರೈಟ್’ ಎಂಬ ಪದ, ಇಲ್ಲವೇ © ಗುರುತು ಬೇಕು. ಇನ್ನೂ ವಿಚಿತ್ರವಾದದ್ದು ಹಳೆಯ ಸಿ ಫೈಲ್‌ಗಳಲ್ಲಿತ್ತು. ತಲೆಯ ಕಾಮೆಂಟ್‌ನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗೊಂಚಲು, ಕಸವೆಂದು ಯಾರಾದರೂ ಅಳಿಸಿಬಿಡುವಂಥದ್ದು. ಅದು ನುಡಿ ಎನ್‌ಕೋಡಿಂಗ್‌ನಲ್ಲಿ ಟೈಪಿಸಿದ ಕನ್ನಡ. ಅದನ್ನು ಇದೇ ಪರಿವರ್ತಕಕ್ಕೆ ಉಣಿಸಿದಾಗ ಹೊರಬಂದದ್ದು ಮೂಲ ಲೇಖಕರ ಹೆಸರು, ವರ್ಷ ಮತ್ತು ‘ಬದಲಾಯಿಸಿದರೆ ಈ ಸಾಲು ಉಳಿಸಿ’ ಎಂಬ ಕೋರಿಕೆ. ಕನ್ನಡದ ಹಳೆಯ ಕೋಡ್ ಯಾರ ಕೈಯಲ್ಲಿದ್ದರೂ ಓದಲಾಗದ ಕಾಮೆಂಟ್‌ಗಳನ್ನು ಅಳಿಸುವ ಮೊದಲು ಒಮ್ಮೆ ಪರಿವರ್ತಿಸಿ ನೋಡಿ.

ಹಂತ 2: ಯಾವುದು ಯಾರದು

ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಾಲಂ: ಫೈಲ್, ಮೂಲ, ಕಾಪಿರೈಟ್ ಯಾರದು, ಲೈಸೆನ್ಸ್, ಪುರಾವೆ. ಕೊನೆಯ ಕಾಲಂ ಖಾಲಿ ಇದ್ದರೆ ಉಳಿದ ನಾಲ್ಕೂ ಬರೀ ಊಹೆ.

ನಮ್ಮದೇ ಫೈಲ್‌ಗಳ ವರ್ಷಕ್ಕೆ ‘ಗಿಟ್ ಲಾಗ್’ ಸಾಕು. ‘ಫಾಲೋ’ ಮತ್ತು ‘ಡಿಫ್-ಫಿಲ್ಟರ್’ಗೆ ದೊಡ್ಡಕ್ಷರದ ಎ ಕೊಟ್ಟರೆ ಫೈಲ್ ಮೊದಲು ಸೇರಿದ ಕಮಿಟ್ ಸಿಗುತ್ತದೆ. ಆದರೆ ಗಿಟ್‌ಗಿಂತ ಹಳೆಯ ವ್ಯವಸ್ಥೆಯಾದ ಸಬ್‌ವರ್ಷನ್‌ನಿಂದ ಗಿಟ್‌ಗೆ ಬಂದ ರೆಪೊಸಿಟರಿಯಲ್ಲಿ ಈ ಲೆಕ್ಕ ಕೆಡುತ್ತದೆ. ಇತಿಹಾಸವನ್ನು ತರದೆ ಬರೀ ಫೈಲ್‌ಗಳನ್ನು ತಂದು ಸುರಿದಿದ್ದರೆ ಎಲ್ಲ ಫೈಲ್‌ಗಳೂ ಒಂದೇ ದಿನ ಹುಟ್ಟಿದಂತೆ, ಒಬ್ಬರೇ ಬರೆದಂತೆ ಕಾಣುತ್ತವೆ. ಅಂಥ ಕಡೆ ಹಳೆಯ ಬಿಡುಗಡೆಗಳ ಟಾರ್ ಫೈಲ್ (ಕೋಡ್‌ನ ಕಟ್ಟು) ತೆರೆದು ನೋಡುವುದೇ ದಾರಿ.

ಹೆಸರುಗಳಿಗೆ ‘ಗಿಟ್ ಶಾರ್ಟ್‌ಲಾಗ್’. ಒಬ್ಬರೇ ನಾಲ್ಕು ಇಮೇಲ್‌ನಿಂದ ಕಮಿಟ್ ಮಾಡಿದ್ದರೆ ಮೇಲ್‌ಮ್ಯಾಪ್ ಫೈಲ್‌ನಲ್ಲಿ ಒಂದುಗೂಡಿಸಬೇಕು. ಕಂಪನಿ ವಿಳಾಸದಿಂದ ಬಂದ ಕಮಿಟ್‌ಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿದೆವು. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆತನ ಕೆಲಸ ಕೊಟ್ಟವರದು. ಅಂಥವರಿಗೆ ಒಂದೊಂದು ಪತ್ರ ಹೋಯಿತು. ಉತ್ತರ ಬಂದಂತೆ ಕಾಲಂ ತುಂಬಿತು.

ರೀಡ್‌ಮಿಯ ಬರೀ ‘ಜಿಪಿಎಲ್’ ಸಣ್ಣ ಮಾತೆಂದು ಬಿಡುವಂತಿಲ್ಲ. ಆವೃತ್ತಿ ಹೇಳದಿದ್ದರೆ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಪ್ರಕಟಿಸಿದ ಯಾವ ಆವೃತ್ತಿಯನ್ನಾದರೂ ಆರಿಸಿಕೊಳ್ಳಬಹುದೆಂದು ಜಿಪಿಎಲ್ 2ರ 9ನೇ ಸೆಕ್ಷನ್ ಹೇಳುತ್ತದೆ. ಎಸ್‌ಪಿಡಿಎಕ್ಸ್‌ನಲ್ಲಿ ಅದನ್ನು ‘ಜಿಪಿಎಲ್-1.0-ಆರ್-ಲೇಟರ್’ ಎಂದೇ ಬರೆಯಬೇಕು. ನಮ್ಮ ರೀಡ್‌ಮಿಯ ಆ ಪದ ಯಾವ ಫೈಲ್‌ಗಳ ಕುರಿತದ್ದು ಎಂದು ಹಳೆಯ ಕಮಿಟ್‌ಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ಸಿ ಭಾಷೆಯ ಪಾರ್ಸರ್ ಫೋಲ್ಡರ್ ಮಾತ್ರ. ಆ ಫೈಲ್‌ಗಳ ಒಳಗಿನ ಹೆಡರ್‌ನಲ್ಲಿ ‘ಆವೃತ್ತಿ 2 ಅಥವಾ ನಂತರದ್ದು’ ಎಂದು ಸ್ಪಷ್ಟವಾಗಿತ್ತು. ಫೈಲ್‌ನೊಳಗಿನ ಮಾತು ರೀಡ್‌ಮಿಗಿಂತ ಗಟ್ಟಿ, ಹಾಗಾಗಿ ‘ಜಿಪಿಎಲ್-2.0-ಆರ್-ಲೇಟರ್’. ಬರೀ ‘ಜಿಪಿಎಲ್-2.0’ ಎಂಬ ಹಳೆಯ ಗುರುತು ಈಗ ಕೈಬಿಟ್ಟದ್ದು. ‘ಓನ್ಲಿ’ ಅಥವಾ ‘ಆರ್-ಲೇಟರ್’ ಸೇರಿಸದಿದ್ದರೆ ಲಿಂಟ್ ಅದನ್ನು ಹಳತೆಂದು ಎತ್ತಿ ತೋರಿಸುತ್ತದೆ.

ಹೊರಗಿನಿಂದ ಬಂದವುಗಳಲ್ಲಿ ಗಮನಿಸಬೇಕಾದವು:

ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ಹಳೆಯ ಜೆಕ್ವೆರಿ 1.7. ಅದರ ಹೆಡರ್ ‘ಎಂಐಟಿ ಅಥವಾ ಜಿಪಿಎಲ್ ಆವೃತ್ತಿ 2’ ಎನ್ನುತ್ತದೆ. ‘ಎಂಐಟಿ ಆರ್ ಜಿಪಿಎಲ್-2.0-ಓನ್ಲಿ’ ಎಂದು ಬರೆಯಬೇಕು. ಇಲ್ಲಿ ‘ಆರ್’ ಬದಲು ‘ಆಂಡ್’ ಬಿದ್ದರೆ ಎರಡೂ ಲೈಸೆನ್ಸಿನ ಷರತ್ತು ಒಟ್ಟಿಗೆ ಪಾಲಿಸಬೇಕೆಂಬ ಅರ್ಥ ಬರುತ್ತದೆ. ಈ ಪದಗಳು ದೊಡ್ಡಕ್ಷರದಲ್ಲಿರಲಿ. ನಡುವೆ ಓರೆಗೆರೆ ಹಾಕುವುದು ಸರಿಯಾದ ರೂಪವಲ್ಲ.

ಪಾರ್ಸರ್ ಕೋಡ್ ತಯಾರಿಸುವ ಬೈಸನ್ ಹುಟ್ಟಿಸಿದ ಸಿ ಫೈಲ್. ತಲೆಯಲ್ಲಿ ಜಿಪಿಎಲ್ 3ರ ಹೆಡರ್ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ಅಳಿಸುವವರಿದ್ದಾರೆ. ಸ್ವಲ್ಪ ಕೆಳಗೆ ಓದಿದರೆ ವಿಶೇಷ ವಿನಾಯಿತಿ ಇದೆ. ಅದಕ್ಕೆ ಎಸ್‌ಪಿಡಿಎಕ್ಸ್‌ನಲ್ಲಿ ‘ಜಿಪಿಎಲ್-3.0-ಆರ್-ಲೇಟರ್ ವಿತ್ ಬೈಸನ್-ಎಕ್ಸೆಪ್ಶನ್-2.2’ ಎಂಬ ರೂಪವಿದೆ.

ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನ ಒಂದೇ ದೊಡ್ಡ ಸಿ ಫೈಲ್. ಅಲ್ಲಿ ಕಾಪಿರೈಟ್ ಸಾಲಿನ ಜಾಗದಲ್ಲಿ ಆಶೀರ್ವಾದ ಇದೆ, ನಿಜವಾಗಿಯೂ. ಎಸ್‌ಪಿಡಿಎಕ್ಸ್ ಪಟ್ಟಿಯಲ್ಲಿ ಅದರ ಗುರುತೂ ‘ಬ್ಲೆಸಿಂಗ್’ ಎಂದೇ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಿಂದ ತಂದ ತುಣುಕುಗಳು. ಮೇಲೆ ಕೊಂಡಿ ಹಾಕಿದ್ದರಿಂದ ಸಿಕ್ಕವು, ಹಾಕದವು ಎಷ್ಟಿವೆಯೋ. ಅಲ್ಲಿನ ಉತ್ತರಗಳು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ: 8 ಏಪ್ರಿಲ್ 2011ಕ್ಕಿಂತ ಹಿಂದಿನವು 2.5, ಅಲ್ಲಿಂದ 2 ಮೇ 2018ರ ಹಿಂದಿನವು 3.0, ಆಮೇಲಿನವು 4.0. ಎಂಐಟಿ ಫೈಲ್‌ನ ನಡುವೆ ಇಂಥದ್ದನ್ನು ಇಟ್ಟುಕೊಳ್ಳುವುದಾದರೆ ‘ಎಸ್‌ಪಿಡಿಎಕ್ಸ್-ಸ್ನಿಪೆಟ್‌ಬಿಗಿನ್’, ‘ಸ್ನಿಪೆಟ್‌ಎಂಡ್’ ಟ್ಯಾಗ್‌ಗಳ ನಡುವೆ ಬೇರೆ ಗುರುತು ಹಾಕಬಹುದು. ನಾವು ಅವನ್ನು ಕಿತ್ತು ಹೊಸದಾಗಿ ಬರೆದೆವು. ಅಷ್ಟು ಚಿಕ್ಕ ಕೋಡಿಗೆ ಆ ಟ್ಯಾಗ್‌ಗಳ ಸರಂಜಾಮು ಹೆಚ್ಚಾಯಿತು.

ಸ್ಕ್ಯಾನ್‌ಕೋಡ್ ಮತ್ತು ಲೈಸೆನ್ಸ್‌ಚೆಕ್ ಎರಡನ್ನೂ ಓಡಿಸಿ, ಅವು ಒಪ್ಪದ ಫೈಲ್‌ಗಳನ್ನು ಮಾತ್ರ ಕಣ್ಣಿಂದ ಓದಿದೆವು. ಎರಡೂ ಒಪ್ಪಿದ ಕಡೆಯೂ ಅಲ್ಲಲ್ಲಿ ತೆರೆದು ನೋಡುವುದು ಕ್ಷೇಮ. ಬಿಎಸ್‌ಡಿ ಲೈಸೆನ್ಸಿನ ಎರಡು, ಮೂರು, ನಾಲ್ಕು ಷರತ್ತಿನ ರೂಪಗಳ ನಡುವೆ ವ್ಯತ್ಯಾಸ ಒಂದೊಂದು ಪ್ಯಾರಾ ಅಷ್ಟೇ. ನಾಲ್ಕು ಷರತ್ತಿನದರಲ್ಲಿ ಜಾಹೀರಾತಿನ ಷರತ್ತು ಇದ್ದು ಅದು ಜಿಪಿಎಲ್ ಜೊತೆ ಕೂಡದು. ಬರ್ಕ್ಲಿ ವಿಶ್ವವಿದ್ಯಾಲಯ 1999ರಲ್ಲಿ ಅದನ್ನು ಹಿಂತೆಗೆದುಕೊಂಡದ್ದು ತನ್ನ ಕೋಡಿಗೆ ಮಾತ್ರ. ಬೇರೆಯವರು ಅದೇ ಪಠ್ಯ ಬಳಸಿದ್ದರೆ ಷರತ್ತು ಹಾಗೇ ಉಳಿದಿರುತ್ತದೆ.

ಹಂತ 3: ಸೆಡ್‌ನಿಂದ ಒಂದೇ ಏಟಿಗೆ (ಕೆಟ್ಟಿತು)

ಪಠ್ಯ ಬದಲಿಸುವ ಸೆಡ್ ಆಜ್ಞೆಯಿಂದ ಎಲ್ಲ ಫೈಲ್‌ಗಳ 1ನೇ ಸಾಲಿಗೆ ಹೆಡರ್ ತುರುಕುವ ಸಣ್ಣ ಶೆಲ್ ಸ್ಕ್ರಿಪ್ಟ್. ಓಡಿತು, ಯಾವ ತಪ್ಪೂ ತೋರಿಸಲಿಲ್ಲ. ಕೆಟ್ಟದ್ದು ಆಮೇಲೆ ತಿಳಿದದ್ದು ಹೀಗೆ:

ಪೈಥಾನ್ ಸ್ಕ್ರಿಪ್ಟ್‌ಗಳ ಶೆಬ್ಯಾಂಗ್ (ಯಾವ ಪ್ರೋಗ್ರಾಂ ಇದನ್ನು ಓಡಿಸಬೇಕೆಂದು ಹೇಳುವ ಸಾಲು) 1ನೇ ಸಾಲಿನಿಂದ ಕೆಳಗೆ ಹೋಯಿತು. ಆಗ ಶೆಲ್ ಅದನ್ನು ತನ್ನದೇ ಸ್ಕ್ರಿಪ್ಟ್ ಎಂದುಕೊಂಡು ಓಡಿಸುತ್ತದೆ. ‘ಇಂಪೋರ್ಟ್’ ಎಂಬ ಆಜ್ಞೆ ಇಲ್ಲವೆಂದು ಬೈದರೆ ಪುಣ್ಯ. ಚಿತ್ರ ಸಂಸ್ಕರಿಸುವ ಇಮೇಜ್‌ಮ್ಯಾಜಿಕ್ ಇರುವ ಯಂತ್ರದಲ್ಲಿ ಅದೇ ಹೆಸರಿನ ಆಜ್ಞೆ ಪರದೆಯ ಚಿತ್ರ ತೆಗೆಯುವಂಥದ್ದು. ಸ್ಕ್ರಿಪ್ಟ್ ನಿಂತೇ ಬಿಡುತ್ತದೆ, ಮೌಸ್ ಗುರುತು ಕೂಡುಗೆರೆಯಾಗುತ್ತದೆ, ಕಾರಣ ಹೊಳೆಯುವುದೇ ಇಲ್ಲ.

ಪಿಎಚ್‌ಪಿ ಫೈಲ್‌ಗಳಲ್ಲಿ ಹೆಡರ್ ಆರಂಭದ ಟ್ಯಾಗ್‌ಗಿಂತ ಮೇಲೆ ಕೂತಿತು. ಅಲ್ಲಿರುವುದೆಲ್ಲ ಬ್ರೌಸರ್‌ಗೆ ಹೋಗುವ ಪಠ್ಯ. ಪುಟದ ನೆತ್ತಿಯಲ್ಲಿ ಲೈಸೆನ್ಸ್ ಕಾಣಿಸಿತು, ಜೊತೆಗೆ ‘ಹೆಡರ್ಸ್ ಆಲ್‌ರೆಡಿ ಸೆಂಟ್’ ಎಂಬ ಎಚ್ಚರಿಕೆಯೊಂದಿಗೆ ಸೆಷನ್‌ಗಳೂ ಹೋದವು.

ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ಘೋಷಣೆಯ ಸಾಲು ಮೊದಲನೆಯದಾಗಿರಲೇಬೇಕು. ಅದರ ಮೇಲೆ ಕಾಮೆಂಟ್ ಬಂದರೆ ಪಾರ್ಸರ್ ನಿರಾಕರಿಸುತ್ತದೆ. ಪೈಥಾನ್‌ನ ಎನ್‌ಕೋಡಿಂಗ್ ಘೋಷಣೆ 1 ಅಥವಾ 2ನೇ ಸಾಲಿನಲ್ಲಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. 3ಕ್ಕೆ ಇಳಿದರೆ ಬರೀ ಕಾಮೆಂಟ್. ಯುಟಿಎಫ್-8 ಫೈಲ್ ಆದರೆ ಪೈಥಾನ್ 3 ಸುಮ್ಮನಿರುತ್ತದೆ, ಬೇರೆ ಎನ್‌ಕೋಡಿಂಗ್ ಆಗಿದ್ದರೆ ಇಲ್ಲ. ವಿಂಡೋಸ್‌ನಲ್ಲಿ ಉಳಿಸಿದ ಫೈಲ್‌ಗಳಲ್ಲಿ ಬಿಒಎಂ (ಫೈಲ್‌ನ ಮೊದಲಲ್ಲೇ ಇರಬೇಕಾದ, ಕಣ್ಣಿಗೆ ಕಾಣದ ಎನ್‌ಕೋಡಿಂಗ್ ಗುರುತು) ಹೊಸ ಹೆಡರ್‌ನ ಕೆಳಗೆ, ಫೈಲ್ ನಡುವೆ ಸಿಕ್ಕಿಹಾಕಿಕೊಂಡಿತು. ಸಾಲು ಕೊನೆಗಳೂ ಕಲಬೆರಕೆಯಾದವು.

ಇದೆಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದ್ದು. ಬೇರೆಯವರ ಲೈಬ್ರರಿ ಫೈಲ್‌ಗಳಿಗೂ ನಮ್ಮ ಕಾಪಿರೈಟ್ ಸಾಲು ಬಿತ್ತು. ಯಾರದೋ ಮನೆ ಬಾಗಿಲಿಗೆ ನಮ್ಮ ನಾಮಫಲಕ ಹೊಡೆದಂತಾಯಿತು. ಇದನ್ನು ಯಾವ ಟೆಸ್ಟೂ ಹಿಡಿಯುವುದಿಲ್ಲ, ಲಿಂಟ್ ಅಂತೂ ಖುಷಿಯಿಂದ ಪಾಸು ಮಾಡುತ್ತದೆ. ಬ್ರ್ಯಾಂಚ್ ಎಸೆದು ಹಂತ 1ರ ಟ್ಯಾಗ್‌ಗೆ ಹಿಂದಿರುಗಿದ್ದಾಯಿತು.

ಹಂತ 4: ರಿಯೂಸ್ ಆನೊಟೇಟ್

ಹೆಡರ್ ಸೇರಿಸುವ ರಿಯೂಸ್‌ನ ಆಜ್ಞೆಯೇ ‘ಆನೊಟೇಟ್’. ಲಿನಕ್ಸ್ ವಿತರಣೆಗಳ ಭಂಡಾರದಲ್ಲಿರುವ ರಿಯೂಸ್ ಕೆಲವೊಮ್ಮೆ ಹಳತು. ಹಲವು ಫೈಲ್‌ಗಳ ಲೈಸೆನ್ಸ್ ಒಂದೇ ಕಡೆ ಬರೆಯುವ ‘ರಿಯೂಸ್.ಟಾಮಲ್’ ಫೈಲ್‌ನ ಬೆಂಬಲ 2024ರ 4.0ರಿಂದ ಮಾತ್ರ ಇರುವುದರಿಂದ ಪೈಥಾನ್ ಉಪಕರಣ ಹಾಕಿಕೊಳ್ಳುವ ‘ಪಿಪ್‌ಎಕ್ಸ್’ ಮೂಲಕ ಹಾಕಿಕೊಳ್ಳುವುದು ವಾಸಿ.

ಕ್ರಮ ಮುಖ್ಯ. ಮೊದಲು ಹೊರಗಿನವು, ಕೊನೆಗೆ ನಮ್ಮವು. ಆಜ್ಞೆಗೆ ಫೋಲ್ಡರ್ ಹೆಸರು ಕೊಟ್ಟು ‘ರಿಕರ್ಸಿವ್’ ಮಾಡುವ ಬದಲು ಸ್ಪ್ರೆಡ್‌ಶೀಟ್‌ನಿಂದ ತೆಗೆದ ಫೈಲ್ ಪಟ್ಟಿಯನ್ನೇ ಉಣಿಸಿದೆವು. ಒಂದು ಮೂಲಕ್ಕೆ ಒಂದು ಕಮಿಟ್.

ಇಲ್ಲಿನ ಬಲೆ: ‘ಆನೊಟೇಟ್’ ಫೈಲ್‌ನಲ್ಲಿ ಹೆಡರ್‌ನಂತೆ ಕಾಣುವ ಮೊದಲ ಕಾಮೆಂಟನ್ನು ತೆಗೆದು ಹೊಸದನ್ನು ಹಾಕುತ್ತದೆ. ಹಳೆಯದರಿಂದ ಕಾಪಿರೈಟ್ ಸಾಲುಗಳನ್ನು ಎತ್ತಿಕೊಳ್ಳುತ್ತದೆ, ಆದರೆ ಉಳಿದ ಪಠ್ಯ ಹೋಗುತ್ತದೆ. ಅಂದರೆ ಎಂಐಟಿಯ ಅನುಮತಿ ಪ್ಯಾರಾ, ಬಿಎಸ್‌ಡಿಯ ಷರತ್ತುಗಳ ಪಟ್ಟಿ, ‘ಯಾವ ಖಾತರಿಯೂ ಇಲ್ಲ’ ಎಂಬ ಮಾತು ಎಲ್ಲವೂ. ಬಿಎಸ್‌ಡಿ ಲೈಸೆನ್ಸ್ ಆ ಪಟ್ಟಿಯನ್ನು ಮೂಲ ಕೋಡ್‌ನಲ್ಲಿ ಉಳಿಸಿರೆಂದೇ ಕೇಳುತ್ತದೆ. ಜಿಪಿಎಲ್ 2ರ 1ನೇ ಸೆಕ್ಷನ್ ಲೈಸೆನ್ಸ್ ಮತ್ತು ಖಾತರಿ ಇಲ್ಲದಿರುವುದರ ಸೂಚನೆಗಳನ್ನು ಹಾಗೇ ಇಡಿ ಎನ್ನುತ್ತದೆ. ಪರಿಹಾರ ‘ನೋ-ರೀಪ್ಲೇಸ್’ ಆಯ್ಕೆ. ಹಳೆಯದು ಹಾಗೇ ಉಳಿದು ಹೊಸದು ಮೇಲೆ ಕೂರುತ್ತದೆ. ನೋಡಲು ಅಂದವಿಲ್ಲ, ಎರಡೆರಡು ಬಾರಿ ಹೇಳಿದಂತಿರುತ್ತದೆ. ಇರಲಿ. ಪ್ರತಿ ಕಮಿಟ್‌ಗೂ ಮುನ್ನ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿ) ಕಳೆಯುವ ಗುರುತಿನ ಸಾಲುಗಳನ್ನು ಎಣಿಸಿ. ಹೆಡರ್ ಸೇರಿಸುವ ಕಮಿಟ್‌ನಲ್ಲಿ ಅವು ಸೊನ್ನೆ ಇರಬೇಕು.

ಲಿನಕ್ಸ್ ಕರ್ನಲ್ 2019ರಲ್ಲಿ ಉದ್ದದ ಜಿಪಿಎಲ್ ಪ್ಯಾರಾಗಳನ್ನು ತೆಗೆದು ಒಂದೇ ಸಾಲಿನ ಗುರುತು ಹಾಕಿತಲ್ಲ ಎಂಬ ವಾದ ಬರುತ್ತದೆ. ಅಲ್ಲಿ ಒಂದೊಂದು ಬಗೆಯ ಪಠ್ಯವನ್ನೂ ಬೇರೆ ಮಾಡಿ, ಇಮೇಲ್ ಪಟ್ಟಿಗೆ ಕಳಿಸಿ, ಹಲವರು ಪರಿಶೀಲಿಸಿದ ಮೇಲೆ ಹಾಗೆ ಮಾಡಿದ್ದು. ಅಷ್ಟು ಕೈಗಳು ಇಲ್ಲದ ಯೋಜನೆಗಳು ತಮ್ಮದೇ ಫೈಲ್‌ಗಳಲ್ಲಿ ಮಾತ್ರ ಹಾಗೆ ಮಾಡಲಿ. ನಮ್ಮವರೇ ಬರೆದ ಫೈಲ್‌ಗಳಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಹಳೆಯ ವಿಳಾಸ, ಬಾಸ್ಟನ್ನಿನ ‘59 ಟೆಂಪಲ್ ಪ್ಲೇಸ್’, ಇದ್ದ ಪ್ಯಾರಾಗಳನ್ನು ತೆಗೆದೆವು. ಫೌಂಡೇಶನ್ ಅಲ್ಲಿಂದ 2005ರಲ್ಲೇ ಫ್ರಾಂಕ್ಲಿನ್ ಸ್ಟ್ರೀಟ್‌ಗೆ ಹೋಗಿ, 2024ರಲ್ಲಿ ಆ ಕಚೇರಿಯನ್ನೂ ಬಿಟ್ಟಿತು. ಪ್ಯಾಕೇಜ್ ಪರೀಕ್ಷಿಸುವ ಆರ್‌ಪಿಎಂಲಿಂಟ್ ತಪ್ಪು ವಿಳಾಸವನ್ನು ಎತ್ತಿ ತೋರಿಸುತ್ತದೆ. ಹೊರಗಿನವರ ಫೈಲ್‌ನಲ್ಲಿ ಹಳೆಯ ವಿಳಾಸವಿದ್ದರೆ ಮುಟ್ಟದೆ ಮೂಲದವರಿಗೆ ತಿಳಿಸುವುದು.

ಸಿ ಭಾಷೆಗೆ ಕರ್ನಲ್‌ನ ರೂಢಿಯನ್ನೇ ಹಿಡಿದದ್ದು: ಮೂಲ ಫೈಲ್‌ಗೆ ಎರಡು ಓರೆಗೆರೆಯ ಕಾಮೆಂಟ್, ಹೆಡರ್ ಫೈಲ್‌ಗೆ ನಕ್ಷತ್ರದ ಕಾಮೆಂಟ್. ಅಸೆಂಬ್ಲಿ ಫೈಲ್‌ಗಳೂ ಹೆಡರ್‌ಗಳನ್ನು ಒಳಗೆ ತರುತ್ತವೆ, ಹಳೆಯ ಅಸೆಂಬ್ಲರ್‌ಗಳಿಗೆ ಎರಡು ಓರೆಗೆರೆ ಅರ್ಥವಾಗದು.

ಬದಲಾಯಿಸಿದ ಹೊರಗಿನ ಫೈಲ್‌ಗಳಿಗೆ ಇನ್ನೊಂದು ಸಾಲು ಬೇಕು. ಅಪಾಚೆ 2.0 ಲೈಸೆನ್ಸಿನ 4ನೇ ಸೆಕ್ಷನ್ ಫೈಲ್ ಬದಲಾಗಿದೆ ಎಂದು ಹೇಳಿರೆನ್ನುತ್ತದೆ, ಜಿಪಿಎಲ್ 2 ದಿನಾಂಕವನ್ನೂ ಕೇಳುತ್ತದೆ. ಗಿಟ್ ಇತಿಹಾಸದಲ್ಲಿದೆ ಎಂಬ ಉತ್ತರ ಟಾರ್ ಫೈಲ್ ಇಳಿಸಿಕೊಂಡವರ ಬಳಿ ನಡೆಯದು.

ವರ್ಷದ ಪ್ರಶ್ನೆ: ‘ಆನೊಟೇಟ್’ ತಾನಾಗಿ ಈ ವರ್ಷವನ್ನು ಹಾಕುತ್ತದೆ. 2008ರ ಫೈಲ್‌ಗೆ ಅದು ಸುಳ್ಳು. ‘ಇಯರ್’ ಎಂದು ಮೊದಲ ವರ್ಷ ಕೊಡಿ, ಅಥವಾ ‘ಎಕ್ಸ್‌ಕ್ಲೂಡ್-ಇಯರ್’. ಪ್ರತಿ ಜನವರಿಗೆ ವರ್ಷ ಬದಲಿಸುವ ಕಮಿಟ್ ಯಾರಿಗೂ ಉಪಯೋಗವಿಲ್ಲ. ಕರ್ಲ್ ಯೋಜನೆ 2023ರಲ್ಲಿ ವರ್ಷಗಳನ್ನೇ ತೆಗೆದುಹಾಕಿತು.

ಹಂತ 5: ಕಾಮೆಂಟ್ ಹಾಕಲಾಗದವು

ಜೇಸನ್, ಪಿಎನ್‌ಜಿ, ಟೆಸ್ಟ್‌ಗಾಗಿ ಇಟ್ಟ ನುಡಿ ಪಠ್ಯಗಳು. ಇವಕ್ಕೆ ಎರಡು ದಾರಿ: ಪಕ್ಕದಲ್ಲೇ ‘.ಲೈಸೆನ್ಸ್’ ಎಂದು ಕೊನೆಯಾಗುವ ಫೈಲ್, ಅಥವಾ ‘ರಿಯೂಸ್.ಟಾಮಲ್’ನಲ್ಲಿ ಒಂದು ನಮೂದು. ಒಂದೆರಡಕ್ಕೆ ಮೊದಲನೆಯದು, ಗುಂಪಿಗೆ ಎರಡನೆಯದು.

ಟಾಮಲ್‌ನಲ್ಲಿ ಸೋತ ಜಾಗ: ಒಂದು ನಕ್ಷತ್ರ ಒಳ ಫೋಲ್ಡರ್ ದಾಟುವುದಿಲ್ಲ, ಎರಡು ನಕ್ಷತ್ರ ದಾಟುತ್ತದೆ. ಒಂದೇ ಫೈಲ್‌ಗೆ ಎರಡು ನಮೂದು ಹೊಂದಿದರೆ ಕೊನೆಯದು ಗೆಲ್ಲುತ್ತದೆ. ಎಲ್ಲವನ್ನೂ ಹಿಡಿಯುವ ಸಾಲು ಕೊನೆಯಲ್ಲಿದ್ದದ್ದರಿಂದ ಫಾಂಟ್‌ಗಳೂ ಎಂಐಟಿ ಆಗಿಹೋದವು. ಲಿಂಟ್‌ಗೆ ಇದು ತಪ್ಪಾಗಿ ಕಾಣದು. ಎಲ್ಲವನ್ನೂ ಹಿಡಿಯುವ ಸಾಲನ್ನು ಬರೆಯದಿರುವುದೇ ಒಳ್ಳೆಯದು; ಹಾಗೆ ಬರೆದರೆ ನಾಳೆ ಬರುವ ಹೊಸ ಫೈಲ್‌ನ ಲೈಸೆನ್ಸ್ ಯಾರೂ ಯೋಚಿಸದೆಯೇ ನಿರ್ಧಾರವಾಗುತ್ತದೆ.

ಹೆಡರ್ ಹಾಕುವ ಸ್ಕ್ರಿಪ್ಟ್‌ನೊಳಗೇ ಟ್ಯಾಗ್ ಪಠ್ಯ ಇರುವುದರಿಂದ ಲಿಂಟ್ ಅದನ್ನೂ ನಿಜವೆಂದು ಓದಿ ‘ಕೆಟ್ಟ ಲೈಸೆನ್ಸ್’ ಎಂದಿತು. ಅಂಥ ಭಾಗವನ್ನು ‘ರಿಯೂಸ್-ಇಗ್ನೋರ್‌ಸ್ಟಾರ್ಟ್’, ‘ಇಗ್ನೋರ್‌ಎಂಡ್’ ನಡುವೆ ಇಡಬೇಕು.

ಹಂತ 6: ಫಾಂಟ್

ನೋಟೋ ಸ್ಯಾನ್ಸ್ ಕನ್ನಡ ಮತ್ತು ಲೋಹಿತ್ ಕನ್ನಡ, ಎರಡೂ ಫಾಂಟ್‌ಗಳಿಗೆಂದೇ ಇರುವ ಓಎಫ್‌ಎಲ್ 1.1 ಲೈಸೆನ್ಸಿನವು. ಫಾಂಟ್ ಜೊತೆ ಕಾಪಿರೈಟ್ ಸಾಲೂ ಲೈಸೆನ್ಸ್ ಪಠ್ಯವೂ ಹೋಗಬೇಕು. ಕಾಪಿರೈಟ್ ಸಾಲನ್ನು ಊಹಿಸದೆ ಫಾಂಟ್ ಫೈಲ್‌ನೊಳಗೇ ಹೆಸರು ವಿವರ ಇರುವ ನೇಮ್ ಟೇಬಲ್‌ನಿಂದಲೇ ಎತ್ತಿ ಹಾಕಿದ್ದು. ಫಾಂಟ್‌ಟೂಲ್ಸ್‌ನ ‘ಟಿಟಿಎಕ್ಸ್’ ಅದನ್ನು ತೋರಿಸುತ್ತದೆ. ವೆಬ್‌ಗಾಗಿ ಅಕ್ಷರ ಕತ್ತರಿಸಿ ಚಿಕ್ಕದು ಮಾಡಿದ ಫಾಂಟ್ ಓಎಫ್‌ಎಲ್ ಲೆಕ್ಕದಲ್ಲಿ ಮಾರ್ಪಾಡು. ಮೂಲದವರು ಹೆಸರನ್ನು ಕಾದಿರಿಸಿದ್ದರೆ ಹೊಸ ಹೆಸರು ಕೊಡಬೇಕಾಗುತ್ತದೆ.

ಹಂತ 7: ಬಿಲ್ಡ್‌ನಲ್ಲಿ ಮಾಯವಾದದ್ದು

ಮೂಲ ಫೈಲ್‌ಗಳು ಸರಿಯಾದವು, ಲಿಂಟ್ ಹಸಿರಾಗುತ್ತ ಬಂತು. ಆದರೆ ಬಳಕೆದಾರರ ಕೈಗೆ ಹೋಗುವ ಜಾವಾಸ್ಕ್ರಿಪ್ಟ್ ಬಂಡಲ್ (ಹಲವು ಫೈಲ್ ಒಂದಾಗಿಸಿದ್ದು) ತೆರೆದರೆ ಒಂದೂ ಹೆಡರ್ ಇಲ್ಲ. ಬಿಲ್ಡ್‌ನಲ್ಲಿ ಕೋಡನ್ನು ಕುಗ್ಗಿಸುವ ಟರ್ಸರ್ ಉಳಿಸುವುದು ಆಶ್ಚರ್ಯಚಿಹ್ನೆಯಿಂದ ಶುರುವಾಗುವ ಅಥವಾ ‘ಅಟ್ ಲೈಸೆನ್ಸ್’, ‘ಅಟ್ ಪ್ರಿಸರ್ವ್’ ಇರುವ ಕಾಮೆಂಟ್‌ಗಳನ್ನು. ಎಸ್‌ಪಿಡಿಎಕ್ಸ್ ಸಾಲಿನಲ್ಲಿ ಇವು ಯಾವುವೂ ಇಲ್ಲ. ಎಂಐಟಿಯ ಷರತ್ತೇ ‘ಎಲ್ಲ ಪ್ರತಿಗಳಲ್ಲಿ’ ಸೂಚನೆ ಇರಬೇಕೆಂಬುದು. ಬಂಡಲ್‌ನ ಪಕ್ಕದಲ್ಲಿ ಹೊರಗಿನ ಲೈಬ್ರರಿಗಳ ಪೂರ್ತಿ ಲೈಸೆನ್ಸ್ ಪಠ್ಯಗಳ ಒಂದು ಫೈಲ್ ಬಿಲ್ಡ್‌ನಲ್ಲೇ ತಯಾರಾಗುವಂತೆ ಮಾಡಿದ್ದಾಯಿತು.

ಪೈಥಾನ್ ವ್ಹೀಲ್ (ಹಂಚುವ ಪ್ಯಾಕೇಜ್) ಬಿಚ್ಚಿ ನೋಡಿದಾಗಲೂ ಅದೇ ಕಥೆ. ಅದನ್ನು ಕಟ್ಟುವ ಸೆಟಪ್‌ಟೂಲ್ಸ್ ತಾನಾಗಿ ಹುಡುಕುವುದು ಬುಡದಲ್ಲಿರುವ ಲೈಸೆನ್ಸ್, ಕಾಪಿಯಿಂಗ್, ನೋಟಿಸ್ ಹೆಸರಿನ ಫೈಲ್‌ಗಳನ್ನು. ರಿಯೂಸ್ ಕೇಳುವ ‘ಲೈಸೆನ್ಸಸ್’ ಫೋಲ್ಡರ್‌ನ ಒಳಗೆ ಇಣುಕುವುದಿಲ್ಲ. ಸೆಟಪ್‌ಟೂಲ್ಸ್ 77 ಅಥವಾ ಮೇಲಿನದನ್ನು ಕೇಳಿ, ‘ಪೈಪ್ರಾಜೆಕ್ಟ್.ಟಾಮಲ್’ನಲ್ಲಿ ‘ಲೈಸೆನ್ಸ್-ಫೈಲ್ಸ್’ಗೆ ಆ ಫೋಲ್ಡರ್ ತೋರಿಸಿದ ಮೇಲೆ ಪಠ್ಯಗಳು ವ್ಹೀಲ್‌ಗೆ ಬಂದವು. ಒಂದು ಮಾತು: ‘ರಿಯೂಸ್ ಡೌನ್‌ಲೋಡ್’ ತರುವ ಎಂಐಟಿ ಪಠ್ಯದಲ್ಲಿ ವರ್ಷ, ಹೆಸರಿನ ಜಾಗ ಖಾಲಿ ಇರುತ್ತದೆ. ಹೊರಗಿನ ಲೈಬ್ರರಿಯ ಸ್ವಂತ ಲೈಸೆನ್ಸ್ ಫೈಲ್ ಇದ್ದರೆ ಇದು ಬಂತೆಂದು ಅದನ್ನು ಅಳಿಸಬೇಡಿ, ಹೆಸರು ಇರುವುದು ಅದರಲ್ಲೇ.

ಹಂತ 8: ಕಾವಲು

ಸಿಐನಲ್ಲಿ (ಹೊಸ ಕೋಡ್ ಬಂದಾಗಲೆಲ್ಲ ತಾನಾಗಿ ಓಡುವ ಪರೀಕ್ಷೆ) ‘ರಿಯೂಸ್ ಲಿಂಟ್’ ಮತ್ತು ಕಮಿಟ್‌ಗೆ ಮುನ್ನವೇ ಓಡುವ ಪ್ರೀ-ಕಮಿಟ್ ಹುಕ್. ಹೆಡರ್ ಕಮಿಟ್‌ಗಳ ಹ್ಯಾಶ್‌ಗಳನ್ನು (ಗುರುತಿನ ಸಂಖ್ಯೆ) ‘ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್’ ಫೈಲ್‌ಗೆ ಹಾಕಿದ್ದು. ಇಲ್ಲದಿದ್ದರೆ ಹಳೆಯ ಪ್ಯಾರಾ ತೆಗೆದ ಕಡೆಯೆಲ್ಲ, ಯಾವ ಸಾಲು ಯಾರು ಬದಲಿಸಿದರೆಂದು ತೋರಿಸುವ ಬ್ಲೇಮ್‌ನಲ್ಲಿ ನಮ್ಮದೇ ಹೆಸರು. ಗಿಟ್ 2.23 ಅಥವಾ ಮೇಲಿನದು ಬೇಕು, ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ ಹೊಂದಿಸಿಕೊಳ್ಳಬೇಕು. ಹಲವು ಕಮಿಟ್‌ಗಳನ್ನು ಒಂದಾಗಿಸಿ (ಸ್ಕ್ವಾಷ್) ಮುಖ್ಯ ಬ್ರ್ಯಾಂಚ್‌ಗೆ ಮರ್ಜ್ ಮಾಡಿದರೆ ಹ್ಯಾಶ್ ಬದಲಾಗುತ್ತದೆ. ಆದ್ದರಿಂದ ಈ ಫೈಲನ್ನು ಮರ್ಜ್ ಆದ ಮೇಲೆ ಬರೆಯಿರಿ.

ಉಳಿದದ್ದು

ಒಂದು ಫೈಲ್ ಇನ್ನೂ ಕೆಂಪು. ಹಳೆಯ ಫಾಂಟ್‌ನ ಅಕ್ಷರ ಸ್ಥಾನಗಳನ್ನು ಯುನಿಕೋಡ್‌ಗೆ ಹೊಂದಿಸುವ ಕೋಡ್ ಮತ್ತು ಕೋಷ್ಟಕ. ಹೆಸರಿದೆ, ಲೈಸೆನ್ಸ್ ಇಲ್ಲ, ಬರೆದವರ ಇಮೇಲ್ ವಿಳಾಸ ಈಗ ಇಲ್ಲ. ಲೈಸೆನ್ಸ್ ಇಲ್ಲವೆಂದರೆ ಯಾರಾದರೂ ಬಳಸಬಹುದೆಂದಲ್ಲ, ಯಾರಿಗೂ ಅನುಮತಿ ಇಲ್ಲವೆಂದು. ಲಿಂಟ್ ಸುಮ್ಮನಾಗಲೆಂದು ಅದಕ್ಕೆ ಎಂಐಟಿ ಗುರುತು ಹಾಕುವ ಸಲಹೆ ಬಂತು, ಬೇಡವೆಂದಾಯಿತು. ಫೈಲನ್ನು ಬಿಡುಗಡೆಯ ಬ್ರ್ಯಾಂಚ್‌ನಿಂದ ತೆಗೆದಿದೆ. ಆ ಒಂದು ಎನ್‌ಕೋಡಿಂಗ್‌ಗೆ ಸದ್ಯ ಬೆಂಬಲವಿಲ್ಲ. ಆ ಕೋಡನ್ನು ನೋಡಿರದವರೊಬ್ಬರು ಫಾಂಟನ್ನು ತೆರೆದು ಒಂದೊಂದೇ ಅಕ್ಷರ ನೋಡಿ ಕೋಷ್ಟಕವನ್ನು ಮೊದಲಿಂದ ಕಟ್ಟುತ್ತಿದ್ದಾರೆ. ಒತ್ತಕ್ಷರಗಳು ಬಾಕಿ ಇವೆ.